ಬಚ್ಚಲ ಗುಳುಗುಳು

ಬಚ್ಚಲಿನ ಕೊಳವೆ ಒಂದೇ ದಿನಕ್ಕೆ ಕಟ್ಟಿಕೊಳ್ಳುವುದು ಅಪರೂಪ. ಬಹಳ ಮೊದಲೇ ಸದ್ದು ಮಾಡತೊಡಗುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ನೀರು ಬಿಟ್ಟರೆ ಬಚ್ಚಲಿನ ಜಾಲರಿಯೊಳಗೆ ಗುಳುಗುಳು. ವಾಷಿಂಗ್ ಮಷೀನು ನೀರು ಹೊರಹಾಕುವಾಗ ಕಮೋಡಿನ ನೀರು ತುಸು ಮೇಲೆದ್ದು ಇಳಿಯುತ್ತದೆ. ಮುಂದೆ ದಾರಿ ಸಾಲದೆ, ಸಿಕ್ಕಿಕೊಂಡ ಗಾಳಿ ನೀರನ್ನು ತಳ್ಳಿಕೊಂಡು ಹಿಂದಕ್ಕೆ ಬರುತ್ತಿದೆ ಎಂದು ಅರ್ಥ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುವ ನಮಗೆ ಈ ಸದ್ದಿಗೂ ಕಿವಿಗೊಡುವುದು ಕಷ್ಟವಲ್ಲ.

ಸಿಂಕ್ ಒಂದೇ ನಿಧಾನವಾದರೆ ಕಸ ಅದರ ಕೆಳಗಿನ ಬಾಗಿನಲ್ಲಿ ಕೂತಿದೆ. ಮನೆಯ ಎಲ್ಲ ನೀರೂ ಒಟ್ಟಿಗೆ ನಿಧಾನವಾಗಿ, ಎಲ್ಲಕ್ಕಿಂತ ತಗ್ಗಿನ ಬಚ್ಚಲಲ್ಲಿ ಉಕ್ಕತೊಡಗಿದರೆ ಮುಖ್ಯ ಲೈನೇ ಕಟ್ಟಿದೆ.

ವಾಸನೆಯ ಕಥೆ ಬೇರೆ. ನಾರಿತೆಂದ ಮಾತ್ರಕ್ಕೆ ಕೊಳವೆ ಕಟ್ಟಿದೆ ಎಂದಲ್ಲ. ನೆಲದ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ನುಗ್ಗದಂತೆ ತಡೆಯುವುದು ಆ ನೀರೇ. ಮಕ್ಕಳು ದೂರದೂರು ಸೇರಿ, ಮಹಡಿಯ ಕೋಣೆಗಳಿಗೆ ಬೀಗ ಬಿದ್ದ ಮನೆಗಳು ಈಗ ಬೀದಿಗೆ ನಾಲ್ಕಾರು. ಬೇಸಿಗೆಯಲ್ಲಿ ಅಲ್ಲಿಯ ಬಚ್ಚಲಿನ ನೀರು ಆರುತ್ತದೆ, ಜಿರಳೆಗಳೂ ಹತ್ತಿ ಬರುತ್ತವೆ. ಆಗಾಗ ಹೋಗಿ ಎರಡು ಚೊಂಬು ನೀರು ಸುರಿದರೆ ಮುಗಿಯಿತು. ಇಷ್ಟಕ್ಕೆ ನೆಲ ಅಗೆಸಲು ಹೊರಟವರನ್ನು ಕಂಡಿದ್ದೇನೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ.

ನಿಜವಾಗಿ ಕಟ್ಟಿದ್ದರೆ ನೋಡಬೇಕಾದ್ದು ಕಾಂಪೌಂಡಿನೊಳಗಿನ ಛೇಂಬರನ್ನು. ಮುಚ್ಚಳ ಸರಿಸಿ, ಗಾಳಿಯಾಡಲು ಬಿಟ್ಟು, ಬೀಡಿ ಬೆಂಕಿಪೊಟ್ಟಣ ದೂರವಿಟ್ಟು ನೋಡಿ. ಛೇಂಬರ್ ತುಂಬಿ ನಿಂತಿದ್ದರೆ ತೊಡಕು ಅದರಿಂದಾಚೆ, ರಸ್ತೆಯ ಕಡೆಗಿದೆ. ಒಣಗಿದ್ದರೆ ಮನೆಗೂ ಛೇಂಬರಿಗೂ ನಡುವೆ ಇದೆ. ಬೀದಿಯ ಲೈನೇ ಕಟ್ಟಿದ್ದು, ನೀವು ಬೆಂಗಳೂರಿನವರಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಬೇಕು. ಮನೆಯೊಳಗಿನದಾದರೆ ಪ್ಲಂಬರ್ ಸಾಕು. ಕಾರು ನಿಲ್ಲಿಸುವ ಜಾಗ ಚೆಂದ ಕಾಣಲೆಂದು ಛೇಂಬರಿನ ಮೇಲೇ ಟೈಲ್ಸ್ ಹಾಕಿಸುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಹೊಸದಾಗಿ ಕಟ್ಟಿಸುವವರಿಗೆ ನಾನು ಹೇಳುವುದಿಷ್ಟೇ: ಮಣ್ಣು ಮುಚ್ಚುವ ಮುನ್ನ ಕೊಳವೆಯ ದಾರಿಯ ಫೋಟೊ ತೆಗೆದಿಡಿ.

ಹಳೆಯ ಬಡಾವಣೆಗಳಲ್ಲಿ ಸುಟ್ಟಮಣ್ಣಿನ ಕೊಳವೆಗಳಿವೆ. ಕೀಲಿನ ಸಿಮೆಂಟು ಬಿರಿದಲ್ಲಿ ಮರದ ಬೇರು ನೀರಿನ ಪಸೆ ಹುಡುಕಿ ಒಳನುಗ್ಗಿ, ಕೂದಲಿನಂತೆ ಹರಡಿ, ಹೋದದ್ದನ್ನೆಲ್ಲ ಹಿಡಿದಿಡುತ್ತದೆ. ಮಿಕ್ಕದ್ದು ನಮ್ಮ ಕೈಕೆಲಸ. ಬೋಂಡ ಕರಿದ ಎಣ್ಣೆ, ತಲೆಗೂದಲು, ಪಾತ್ರೆ ತಿಕ್ಕಿದ ತೆಂಗಿನ ನಾರು, ಪ್ಯಾಡು, ಡೈಪರು. ಇವಕ್ಕಿಂತ ದೊಡ್ಡ ಅನ್ಯಾಯ ತಾರಸಿಯ ಮಳೆನೀರನ್ನು ಛೇಂಬರಿಗೆ ತಿರುಗಿಸುವುದು. ಒಳಚರಂಡಿಯನ್ನು ಮಳೆಯ ಲೆಕ್ಕದಲ್ಲಿ ಹಾಕಿರುವುದಿಲ್ಲ. ಜೋರು ಮಳೆಯ ರಾತ್ರಿ ಹತ್ತು ತಾರಸಿಗಳ ನೀರು ಸೇರಿ, ಬೀದಿಯ ತಗ್ಗಿನಲ್ಲಿರುವ ಮನೆಯವರ ಬಚ್ಚಲಲ್ಲಿ ಊರಿನ ಕೊಳಚೆ ಉಕ್ಕುತ್ತದೆ.

ಕಟ್ಟಿದ ಕೂಡಲೇ ಆಸಿಡ್ ಬಾಟಲಿಗೆ ಕೈಹಾಕಬೇಡಿ. ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಅದೂ ಅಲ್ಲದೆ, ಸುರಿದ ಆಸಿಡ್ ಕಸದ ಹಿಂದೆ ನಿಂತೇ ಇರುತ್ತದೆ. ಮರುದಿನ ಕೊಳವೆ ಬಿಚ್ಚುವವನ ಮುಖಕ್ಕೆ ಸಿಡಿಯುತ್ತದೆ. ಸುರಿದದ್ದೇ ಆದರೆ ಅವನಿಗೆ ಮೊದಲೇ ಹೇಳಿಬಿಡಿ.

ಎಲ್ಲಕ್ಕಿಂತ ನನ್ನನ್ನು ಕಲಕುವುದು ಒಂದು ಮಾತು: "ಒಬ್ಬನ್ನ ಒಳಗಿಳಿಸಿದ್ರೆ ಅರ್ಧ ಗಂಟೆ ಕೆಲ್ಸ ಸಾರ್." ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದು ಹೆಚ್ಚಾದಾಗ ಮೂಗು ಸೋತು ವಾಸನೆಯೇ ತಿಳಿಯದಾಗುತ್ತದೆ. ಇಳಿದವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಕರ್ನಾಟಕ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿತು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ತಮ್ಮ ಪಾಡನ್ನು ಲೋಕಕ್ಕೆ ತೋರಿಸಬೇಕಾಯಿತು. 2013ರ ಕಾಯಿದೆ ರಕ್ಷಣೆಯಿಲ್ಲದೆ ಚರಂಡಿ, ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದಿದೆ. ಮಂಡಳಿಗಷ್ಟೇ ಅಲ್ಲ, ಮನೆ ಯಜಮಾನನಿಗೂ ಅದು ಅನ್ವಯ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಹಾಗೆ ಏರಿಸಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ.

ಹಾಗಾಗಿ ರಭಸದ ನೀರು ಹಾಯಿಸಿ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ನಾಳೆ ಬರುತ್ತದೆ ಎಂದರೆ ನಾಳೆಯವರೆಗೆ ಕಾಯುವುದೇ. ಮೇಲಿನ ಬಾಡಿಗೆಯವರಿಗೂ ಹೇಳಿ ನಲ್ಲಿ ನಿಲ್ಲಿಸಿ, ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕಿ. ಒಂದು ರಾತ್ರಿಗೆ ಪಕ್ಕದ ಮನೆಯವರ ಬಚ್ಚಲು ಕೇಳಿ, ಸಂಕೋಚ ಬೇಡ, ಕೊಡುತ್ತಾರೆ.