ಬಾಲ್ಕನಿಯಲ್ಲಿ ಕೂತು ನೋಡಿದ ಕೋರ್ಟು

ಮಕ್ಕಳೇ, 'ಕೋರ್ಟಿನ ಮೆಟ್ಟಿಲು ಹತ್ತಬಾರದು' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾಗುವವರೆಗೂ ನಾನು ಹತ್ತಿರಲಿಲ್ಲ. ಕೊನೆಗೆ ಹತ್ತಿದ್ದು ದೂರದ ಅಮೆರಿಕದಲ್ಲಿ, ಅದೂ ಮೊಮ್ಮಗಳ ಕೈ ಹಿಡಿದುಕೊಂಡು!

ಅಟ್ಲಾಂಟಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಕಾರಿನಲ್ಲಿ ನಾಲ್ಕೈದು ಗಂಟೆ ಪ್ರಯಾಣ ಮಾಡಿ ಅಲಬಾಮಾ ರಾಜ್ಯದ ಮನ್ರೋವಿಲ್‌ಗೆ ಹೋದೆವು. ಸುಮಾರು 6 ಸಾವಿರ ಜನರಿರುವ ಪುಟ್ಟ ಊರು. 1832ರಿಂದ ಇದೇ ಮನ್ರೋ ಕೌಂಟಿಯ ಕೇಂದ್ರ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಮ್ಮಲ್ಲಿ ದೇವಸ್ಥಾನದ ಸುತ್ತ ರಥಬೀದಿ ಇರುವಂತೆ ಅಲ್ಲಿ ಕೋರ್ಟಿನ ಸುತ್ತ ಚೌಕ, ಚೌಕದ ಸುತ್ತ ಅಂಗಡಿ ಸಾಲು.

ಈ ಕೋರ್ಟು ಕಟ್ಟಿದ್ದು 1903ರಲ್ಲಿ. ಕೆಂಪು ಇಟ್ಟಿಗೆಯ ಗೋಡೆ, ನೆತ್ತಿಯ ಮೇಲೆ ಗುಮ್ಮಟ, ಗಡಿಯಾರ. ಒಳಗೆ ಎತ್ತರದ ಕಿಟಕಿಗಳ ದೊಡ್ಡ ಹಾಲ್, ಅದರ ಮೇಲೆ ಬಳಸಿಕೊಂಡು ಬಂದ ಬಾಲ್ಕನಿ. 1963ರಲ್ಲಿ ಹೊಸ ಕಟ್ಟಡ ಬಂತು. ಹಳೆಯದು ಈಗ ಮ್ಯೂಸಿಯಂ.

ಇದೇ ಊರಿನ ವಕೀಲರ ಮಗಳು ಹಾರ್ಪರ್ ಲೀ ಚಿಕ್ಕವಳಿದ್ದಾಗ ಈ ಬಾಲ್ಕನಿಯಿಂದ ಅಪ್ಪನ ವಾದ ನೋಡುತ್ತಿದ್ದಳಂತೆ. ಮುಂದೆ ಆಕೆ ಬರೆದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ 1960ರಲ್ಲಿ ಬಂತು. ಮಾಡದ ತಪ್ಪಿಗೆ ಕಟಕಟೆ ಹತ್ತಿದ ಕಪ್ಪು ಮನುಷ್ಯನೊಬ್ಬನ ಪರವಾಗಿ ವಾದಿಸುವ ಬಿಳಿಯ ವಕೀಲನ ಕಥೆ ಅದು. 1962ರಲ್ಲಿ ಅದು ಸಿನಿಮಾ ಆದಾಗ ಇದೇ ಹಾಲ್‌ನ ಮಾದರಿಯಲ್ಲಿ ಹಾಲಿವುಡ್‌ನಲ್ಲಿ ಸೆಟ್ ಹಾಕಿದರು.

ನಾವು ಬಾಲ್ಕನಿಗೆ ಹೋಗಿ ಕೂತೆವು. ಮೊಮ್ಮಗಳು, "ತಾತ, ಇದೇ ಬೆಸ್ಟ್ ಸೀಟು. ಎಲ್ಲಾ ಕಾಣುತ್ತೆ!" ಎಂದಳು.

"ಹೌದು ಪುಟ್ಟಿ. ಆದರೆ ಆಗ ಕಪ್ಪು ಜನ ಇಲ್ಲೇ ಕೂರಬೇಕಿತ್ತು. ಕೆಳಗೆ ಬಿಳಿಯರು. ತೀರ್ಪು ಹೇಳುವ 12 ಜನರ ಜ್ಯೂರಿಗೂ ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ" ಎಂದೆ.

ಇದು ಬರೀ ಕಥೆಯೂ ಅಲ್ಲ, ಹಳೇ ಕಾಲದ್ದೂ ಅಲ್ಲ. ಇದೇ ಊರಿನಲ್ಲಿ ನಡೆದ ಕೊಲೆಯೊಂದಕ್ಕೆ ವಾಲ್ಟರ್ ಮೆಕ್‌ಮಿಲಿಯನ್ ಎಂಬ ನಿರಪರಾಧಿ ಕಪ್ಪು ಮನುಷ್ಯನಿಗೆ ಮರಣದಂಡನೆ ವಿಧಿಸಿದ್ದರು. ವಕೀಲ ಬ್ರಯಾನ್ ಸ್ಟೀವನ್‌ಸನ್ ಹೋರಾಡಿದ್ದರಿಂದ 1993ರಲ್ಲಿ ಆತ ಬಿಡುಗಡೆಯಾದ.

"ನಿಮ್ಮೂರಲ್ಲಿ ಹೀಗಿರಲಿಲ್ವಾ ತಾತ?" ಎಂದು ಮೊಮ್ಮಗಳು ಕೇಳಿದಳು.

ನನಗೆ ನಮ್ಮ ಹಳ್ಳಿ ಶಾಲೆಯ ನೀರಿನ ಗಡಿಗೆ ನೆನಪಾಯಿತು. ಕೆಲವು ಹುಡುಗರು ಅದನ್ನು ಮುಟ್ಟುವಂತಿರಲಿಲ್ಲ. ಅವರು ಬೊಗಸೆ ಒಡ್ಡಿದರೆ ಬೇರೆಯವರು ಮೇಲಿಂದ ನೀರು ಹೊಯ್ಯಬೇಕು. ನಾನೇ ಎಷ್ಟೋ ಸಲ ಹೊಯ್ದಿದ್ದೇನೆ.

"ಇತ್ತು" ಎಂದೆ.

"ಯಾಕೆ ಹಾಗೆ ಅಂತ ನೀನು ಕೇಳಲಿಲ್ವಾ?"

"ಇಲ್ಲ ಪುಟ್ಟಿ, ಕೇಳಲಿಲ್ಲ."

ಅವಳು ಏನೂ ಹೇಳಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಮಕ್ಕಳೇ, ನಾನು ಕೇಳದೇ ಉಳಿಸಿದ ಪ್ರಶ್ನೆಯನ್ನು ನೀವು ಕೇಳಿ. ಅಜ್ಜ ಅಜ್ಜಿಯರೇ, ಅವರು ಕೇಳಿದಾಗ ಮುಚ್ಚಿಡದೆ ಹೇಳೋಣ.