ನಾವಿಬ್ಬರು ಇದ್ದೇವಲ್ಲ

ಧಾರವಾಡ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಓದಿ, ಮಡಚಿ, ಸತ್ಯವೇದದೊಳಗೆ ಇಟ್ಟುಕೊಂಡಿದ್ದೇನೆ. “ಎಲ್ಲರೂ ಕೈಯೆತ್ತಿ ಹಾಡುತ್ತಿದ್ದರು, ನಾನೂ ಎತ್ತಿದೆ. ಒಳಗೆ ಮಾತ್ರ ಏನೂ ಮಿಡಿಯಲಿಲ್ಲ. ನಾನು ದೇವರಿಗೇ ಸುಳ್ಳು ಹೇಳುತ್ತಿದ್ದೇನಾ ದೊಡ್ಡಮ್ಮಾ?” ಎಂದು ಕೇಳಿದ್ದೀಯ. ಇಲ್ಲ ಮಗಳೇ. ಸುಳ್ಳು ಹೇಳುವವರಿಗೆ ಈ ಸಂಕಟವೇ ಇರುವುದಿಲ್ಲ. ಹಸಿವಿಲ್ಲದವರು ಊಟವಿಲ್ಲವೆಂದು ಅಳುತ್ತಾರೆಯೇ?

ನಿನ್ನ ದೊಡ್ಡಪ್ಪ ತೀರಿಕೊಂಡ ಮೇಲೆ ನನಗೂ ಹೀಗೇ ಆಗಿತ್ತು. ಒಂದು ಭಾನುವಾರವೂ ಆರಾಧನೆ ತಪ್ಪಿಸಲಿಲ್ಲ. ಅದೇ ಬೆಂಚು, ಅದೇ ಸಂಗೀತ ಪುಸ್ತಕ. ಕರ್ತನ ಭೋಜನಕ್ಕೆ ಹೋಗಿ ಮೊಣಕಾಲೂರುತ್ತಿದ್ದೆ. ಮನೆಗೆ ಬಂದು ಬೀಗ ತೆಗೆದರೆ ಮನೆಯೂ ಖಾಲಿ, ಎದೆಯೂ ಖಾಲಿ. ಸ್ತ್ರೀಯರ ಕೂಟದಲ್ಲಿ ನನ್ನಿಂದಲೇ ಪ್ರಾರ್ಥನೆ ಮಾಡಿಸುತ್ತಿದ್ದರು. ಮಾಡುತ್ತಿದ್ದೆ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆ ದಿನಗಳಲ್ಲಿ ನನ್ನ ಕೈ ಹಿಡಿದವರು ಪಂಡಿತಾ ರಮಾಬಾಯಿ.

ಅವರು ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿಗಳು ಜನರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದಳು. ಮುಂದೆ ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಎಲ್ಲರನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಕೈತುಂಬ ಕೆಲಸ, ಆದರೆ ಒಳಗೆ ನೆಮ್ಮದಿಯಿಲ್ಲ. ಕ್ರೈಸ್ತಧರ್ಮವೇನೋ ಸಿಕ್ಕಿತ್ತು, ಅದರ ಜೀವವಾದ ಕ್ರಿಸ್ತನು ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ಸಿಕ್ಕಿದ್ದು ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ. ಅದನ್ನು ಓದಿದ ರಾತ್ರಿ ನಾನು ಎಷ್ಟೋ ತಿಂಗಳ ಮೇಲೆ ಮನಸಾರೆ ಅತ್ತೆ. ಅಂಥ ತಾಯಿಗೇ ಎಂಟು ವರ್ಷ ಕಾದ ದೇವರು ನನಗೂ ಕಾಯುತ್ತಾನೆ ಅನ್ನಿಸಿತು. ದೀಪ ಆರಿಸಿ ಕೂತು, “ಸ್ವಾಮೀ, ನನ್ನಲ್ಲಿ ಮಾತಿಲ್ಲ” ಎಂದಷ್ಟೇ ಹೇಳಿದೆ. ನನ್ನ ನಿಜವಾದ ಪ್ರಾರ್ಥನೆ ಮತ್ತೆ ಶುರುವಾದದ್ದು ಅಲ್ಲಿಂದ.

ಇನ್ನೊಂದು ಸಂಗತಿ ಕೇಳು. 1905ರಲ್ಲಿ ಪುಣೆಯ ಹತ್ತಿರದ ಕೇಡಗಾಂವದಲ್ಲಿ, ಅವರ ಮುಕ್ತಿ ಆಶ್ರಮದಲ್ಲಿ, ದೊಡ್ಡ ಉಜ್ಜೀವನವಾಯಿತು. ಹುಡುಗಿಯರು ತಮ್ಮ ಪಾಪಗಳನ್ನು ಒಪ್ಪಿಕೊಂಡು ಅತ್ತರು, ಹೊತ್ತಿನ ಪರಿವೆಯಿಲ್ಲದೆ ಪ್ರಾರ್ಥಿಸಿದರು. ಜನ ನೆನೆಯುವುದು ಆ ಜೂನ್ ತಿಂಗಳನ್ನು. ನನ್ನ ಮನಸ್ಸು ನಿಲ್ಲುವುದು ಅದರ ಹಿಂದಿನ ಜನವರಿಯಲ್ಲಿ. ಉಜ್ಜೀವನಕ್ಕಾಗಿ ದಿನವೂ ನನ್ನ ಜೊತೆ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ರಮಾಬಾಯಿ ಕೇಳಿದಾಗ ಮುಂದೆ ಬಂದವರು ಎಪ್ಪತ್ತು ಜನ. ತಿಂಗಳುಗಟ್ಟಲೆ ಕೂಡಿದರು. ಜೂನ್ ಹೊತ್ತಿಗೆ ಐನೂರೈವತ್ತಾದರು.

ಅದಕ್ಕೂ ಹಿಂದಿನದನ್ನು ನೋಡಬೇಕು ಪುಟ್ಟಿ. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಅನ್ನ ಹಾಕಿ, ಅಕ್ಷರ ಕಲಿಸಿದ ಮನೆಯದು. ಹಸಿದವರಿಗೆ ಅಡುಗೆಯಾಗುತ್ತಿದ್ದ ಮನೆಗೇ ಉಜ್ಜೀವನದ ಬೆಂಕಿ ಇಳಿದು ಬಂತು. ಆಮೇಲೂ ರಮಾಬಾಯಿ ಆ ಅನುಭವದಲ್ಲೇ ತೇಲಾಡುತ್ತ ಕೂರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವಂತೆ ಸತ್ಯವೇದವನ್ನು ಮರಾಠಿಗೆ ತರುತ್ತ 1922ರವರೆಗೆ, ಅಂದರೆ ಕೊನೆಯುಸಿರಿನವರೆಗೆ, ದುಡಿದರು.

ಪೌಲನು ಸೆರೆಯಿಂದ ತಿಮೊಥೆಗೆ ಬರೆದದ್ದು ನೆನಪಿದೆಯಾ? ಮೊದಲು ಅವನ ಅಜ್ಜಿಯ ನಂಬಿಕೆ, ತಾಯಿಯ ನಂಬಿಕೆ ನೆನೆಯುತ್ತಾನೆ. ಆಮೇಲೆ, ನಿನ್ನೊಳಗಿರುವ ವರವನ್ನು ಉರಿಯಿಸು ಎನ್ನುತ್ತಾನೆ. ಹೊಸ ಬೆಂಕಿ ತಾ ಎನ್ನುವುದಿಲ್ಲ. ನಿನ್ನ ಅಜ್ಜಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಊದುಗೊಳವೆ ಹಿಡಿದರೆ ಚಹಾಕ್ಕೆ ಕಡ್ಡಿಪೆಟ್ಟಿಗೆ ಬೇಕಾಗುತ್ತಿರಲಿಲ್ಲ. ಊದುವವರ ಕಣ್ಣಿಗೆ ಒಂದಿಷ್ಟು ಹೊಗೆ ಹೋಗುತ್ತಿತ್ತು, ಅಷ್ಟೇ.

ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬರುವ ನಿನಗೆ ಭಾರ ಹೊರಿಸುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಹದಿನಾರು ಅಧ್ಯಾಯಗಳಿವೆ. ದಿನಕ್ಕೊಂದನ್ನು ಬಾಯಿಬಿಟ್ಟು ಓದು. ಮನಸ್ಸು ಕಲ್ಲಾಗಿದ್ದರೆ ಕಲ್ಲಾಗಿದೆ ಎಂದೇ ದೇವರಿಗೆ ಹೇಳು. ವಾರ್ಡಿನಲ್ಲಿ ನೋಡಲು ಯಾರೂ ಬಾರದ ರೋಗಿ ಒಬ್ಬರಾದರೂ ಇರುತ್ತಾರೆ, ಅವರ ಪಕ್ಕದಲ್ಲಿ ಐದು ನಿಮಿಷ ಕೂತು ಎದ್ದು ಬಾ. ಕಣ್ಣೀರು ಬಂತೋ ಇಲ್ಲವೋ ಎಂದು ನಿನ್ನ ಭಕ್ತಿಯನ್ನು ಅಳೆಯಬೇಡ.

ಹಾಲಿನವನು ಬಂದು ಹೋದ ಮೇಲೆ, ಐದೂವರೆಗೆ, ನಾನು ದಿನವೂ ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಈ ಕಾಗದ ಕೈಸೇರಿದ ಮರುದಿನದಿಂದ ಅದೇ ಹೊತ್ತಿಗೆ, ನೀನು ಎಲ್ಲಿದ್ದರೆ ಅಲ್ಲೇ, ಒಂದು ನಿಮಿಷ ನನ್ನ ಹೆಸರು ಹೇಳು. ಇಬ್ಬರು ಮೂವರು ಕೂಡಿದಲ್ಲಿ ತಾನಿರುತ್ತೇನೆಂದು ಕರ್ತನು ಮಾತು ಕೊಟ್ಟಿದ್ದಾನೆ. ಎಪ್ಪತ್ತು ಜನ ಆಮೇಲೆ ಬರಲಿ. ಸದ್ಯಕ್ಕೆ ನಾವಿಬ್ಬರು ಇದ್ದೇವಲ್ಲ.

ನಿನ್ನ
ದೊಡ್ಡಮ್ಮ