ಮಗಳ ಇಂಗ್ಲಿಷೂ ಅಜ್ಜಿಯ ಕನ್ನಡವೂ

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಎಸ್.ಎಸ್.ಸಿ. ಎಂಬ ಮೂರಕ್ಷರಕ್ಕೆ ಎರಡು ಅರ್ಥಗಳುಂಟು. ಒಂದು, ಮಕ್ಕಳು ಹತ್ತನೆಯ ತರಗತಿಯಲ್ಲಿ ಬರೆಯುವ ಬೋರ್ಡು ಪರೀಕ್ಷೆ. ಅದು ಮುಗಿದು, ಪೇಢೆ ಹಂಚಿ, ಪದವಿಯೂ ಕೈಗೆ ಬಂದು, ಇನ್ನು ಮುಂದೇನು ಎಂದು ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುವ ಹೊತ್ತಿಗೆ ಎರಡನೆಯ ಎಸ್.ಎಸ್.ಸಿ. ಎದುರಿಗೆ ಬಂದು ನಿಲ್ಲುತ್ತದೆ. ಅದು ಸ್ಟಾಫ್ ಸೆಲೆಕ್ಷನ್ ಕಮಿಷನ್. 1975ರಲ್ಲಿ ಬೇರೊಂದು ಹೆಸರಿನಿಂದ ಸ್ಥಾಪನೆಗೊಂಡು 1977ರಲ್ಲಿ ಈಗಿನ ಹೆಸರನ್ನು ಪಡೆದ ಈ ಆಯೋಗವೇ ಕೇಂದ್ರ ಸರಕಾರದ ಕಚೇರಿಗಳಿಗೆ ಗುಮಾಸ್ತರನ್ನೂ ಸಹಾಯಕರನ್ನೂ ಇನ್‌ಸ್ಪೆಕ್ಟರರನ್ನೂ ಆರಿಸಿ ಕಳಿಸುವುದು. ನಾನೂ ಆ ಬಾಗಿಲಿನಿಂದಲೇ ಒಳಗೆ ಬಂದ ಗುಮಾಸ್ತ. ಈಗ ನನ್ನ ಮಗಳು ಅದೇ ಬಾಗಿಲ ಮುಂದೆ ನಿಂತಿದ್ದಾಳೆ.

ಅವಳು ಕಟ್ಟಿರುವುದು ಪದವೀಧರರ ಪರೀಕ್ಷೆ. ಮೊದಲ ಹಂತವನ್ನು ದಾಟಿದ್ದಾಳೆ. ಎರಡನೆಯ ಹಂತದಲ್ಲಿ, 2022ರ ಪರೀಕ್ಷೆಯಿಂದ ಬಂದ ಕ್ರಮದಂತೆ, ಇಂಗ್ಲಿಷಿನ 45 ಪ್ರಶ್ನೆಗಳಿರುತ್ತವೆ. ಪ್ರಶ್ನೆಗೆ 3 ಅಂಕ, ತಪ್ಪು ಬರೆದರೆ 1 ಅಂಕ ಕಡಿತ. ಲೆಕ್ಕ, ತರ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ ಎಲ್ಲ ಸೇರಿದರೆ 390 ಅಂಕಗಳು. ಅದರಲ್ಲಿ ಇಂಗ್ಲಿಷಿನ ಪಾಲೇ 135. ಎಂದರೆ ಮೂರರಲ್ಲಿ ಒಂದು ಪಾಲಿಗೂ ಮಿಕ್ಕಿದ್ದು. ಆಯೋಗದ ಕೆಲವು ಕೆಳಹಂತದ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದೆಂದು 2023ರಲ್ಲಿ ತೀರ್ಮಾನವಾಯಿತು, ಸಂತೋಷದ ವಿಷಯವೇ. ಆದರೆ ಇಂಗ್ಲಿಷ್ ವಿಭಾಗವನ್ನು ಯಾವ ಭಾಷೆಗೂ ತಿರುಗಿಸಿ ಕೊಡುವಂತಿಲ್ಲವಷ್ಟೆ.

ಹಾಗಾಗಿ ಡೊಂಬಿವಲಿಯಿಂದ ಥಾಣೆಗೆ ಹೋಗಿ ಒಂದು ಕ್ಲಾಸು ಸೇರಿದಳು. ಅಲ್ಲಿಯ ಮಾಸ್ತರರು ಮೊದಲನೆಯ ದಿನವೇ ಹೇಳಿದರಂತೆ: "ಮನೆಯಲ್ಲಿ ಮಾತೃಭಾಷೆ ಬಂದ್. ಆರು ತಿಂಗಳು ಇಂಗ್ಲಿಷೇ ಮಾತಾಡಿ, ಇಂಗ್ಲಿಷಿನಲ್ಲೇ ಯೋಚಿಸಿ." ಆ ಸಂಜೆ ಮಗಳು ಮನೆಗೆ ಬಂದು ಈ ಆಜ್ಞೆಯನ್ನು ಓದಿ ಹೇಳಿದಾಗ ಅವಳ ತಾಯಿಗೂ ಅದು ಸರಿ ಎನಿಸಿತು. ನನ್ನ ಅವ್ವ ಮಾತ್ರ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಧಾರವಾಡದ ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದಿರುವವಳು; ಮರಾಠಿ ಅರೆಬರೆ ತಿಳಿಯುತ್ತದೆ, ಹಿಂದಿ ಟಿ.ವಿ.ಯಲ್ಲಿ ಬಂದಷ್ಟು. ಹಗಲೆಲ್ಲ ಅವಳ ಜೊತೆ ಮಾತಾಡುವವಳು ಮೊಮ್ಮಗಳೊಬ್ಬಳೇ. "ಹಂಗಾದ್ರ ಆರು ತಿಂಗಳು ನಾ ಊರಿಗಿ ಹೋಗಲೇನು?" ಎಂದಳು. ಸಿಟ್ಟಿನಿಂದಲ್ಲ, ವ್ಯಂಗ್ಯದಿಂದಲೂ ಅಲ್ಲ. ಟಿಕೀಟು ತೆಗೆಸಬೇಕೇ ಎಂದು ವಿಚಾರಿಸುವವಳ ಹಾಗೆ.

ಆ ಪ್ರಶ್ನೆ ನನ್ನನ್ನು ಕಾಡಿತು. ಕನ್ನಡವನ್ನು ಬಿಟ್ಟರಷ್ಟೇ ಇಂಗ್ಲಿಷ್ ಬರುತ್ತದೆ ಎಂಬ ಮಾತು ನಿಜವೇ? ನಿಜವಾಗಿದ್ದರೆ ಮಗಳ ಭವಿಷ್ಯದ ಮುಂದೆ ಸುಮ್ಮನಿರಬೇಕಾಗುತ್ತದೆ. ಹಾಗಾಗಿ ಅವಳು ಮನೆಯಲ್ಲಿ ಬಿಡಿಸಿದ ಅಭ್ಯಾಸ ಪತ್ರಿಕೆಗಳನ್ನೆಲ್ಲ ಒಂದು ರವಿವಾರ ಮುಂದಿಟ್ಟುಕೊಂಡು ಕೂತೆ. ಎಲ್ಲಿ ತಪ್ಪಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಬಗೆಬಗೆಯಾಗಿ ಬೇರ್ಪಡಿಸಿದೆ. ಬಿ.ಎಸ್ಸಿ. ಓದಿದವನಿಗೆ ಇದೊಂದು ಚಟ.

ನೋಡಿದರೆ, ತಪ್ಪುಗಳಲ್ಲಿ ದೊಡ್ಡ ಪಾಲು ಕನ್ನಡ ಗೊತ್ತಿದ್ದುದರಿಂದ ಆದವೇ. ಆದರೆ ಅವನ್ನು ತಿದ್ದುವ ದಾರಿಯೂ ಕನ್ನಡದ ಮೂಲಕವೇ ಹೋಗುತ್ತಿತ್ತು. ಒಂದು ಉದಾಹರಣೆ ಹೇಳುತ್ತೇನೆ. "ಎರಡು ಗಂಟೆಯಿಂದ ಕಾಯುತ್ತಿದ್ದೇನೆ" ಎಂದು ನಮ್ಮ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋನಿನಲ್ಲಿ ಹೇಳುತ್ತೇವೆ. ಇದರ ಅರ್ಥವೇನು? ಮಧ್ಯಾಹ್ನ ಎರಡು ಹೊಡೆದಾಗಿನಿಂದಲೋ, ಅಥವಾ ಎರಡು ತಾಸುಗಳಷ್ಟು ಕಾಲದಿಂದಲೋ? ಕನ್ನಡದ 'ಇಂದ' ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನವನು ಮೊದಲನೆಯದಕ್ಕೆ ಸಿನ್ಸ್ ಎನ್ನುತ್ತಾನೆ, ಎರಡನೆಯದಕ್ಕೆ ಫಾರ್. ಇಷ್ಟನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ತೋರಿಸಿದ ಮೇಲೆ ಮಗಳು ಆ ಪ್ರಶ್ನೆಯಲ್ಲಿ ಮತ್ತೆ ಎಡವಲಿಲ್ಲ. ಕ್ಲಾಸಿನಲ್ಲಿ ಅದನ್ನೇ ನಿಯಮವಾಗಿ ಮೂರು ಸಲ ಬರೆದುಕೊಂಡಿದ್ದಳು.

ನಮ್ಮ 'ಇಂದ' ಬಹಳ ದುಡಿಯುವ ಪ್ರತ್ಯಯ. ಚಾಕುವಿನಿಂದ, ಊರಿನಿಂದ, ಜ್ವರದಿಂದ, ಅವನಿಂದ, ನಿನ್ನೆಯಿಂದ: ಇಷ್ಟಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಆಳು ಬೇಕು. ವಿತ್, ಫ್ರಮ್, ಬೈ, ಸಿನ್ಸ್ ಎಂದು ಕೆಲಸ ಹಂಚಿಕೊಂಡಿದ್ದಾರೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರಿಗೆ ಈ ಹಂಚಿಕೆ ತಟ್ಟನೆ ಹೊಳೆಯುತ್ತದೆ.

ಎ ಮತ್ತು ದಿ ಎಂಬ ಎರಡು ಚಿಕ್ಕ ಪದಗಳಂತೂ ನಮ್ಮವರ ಜೀವ ಹಿಂಡುತ್ತವೆ. ಕನ್ನಡದಲ್ಲಿ ಅವು ಇಲ್ಲ ಎಂದು ಮಾಸ್ತರರು ಕೈ ಚೆಲ್ಲುತ್ತಾರೆ. ಪದಗಳಿಲ್ಲ, ನಿಜ, ಭೇದ ಇಲ್ಲದೇ ಇಲ್ಲ. "ಪುಸ್ತಕ ಓದಿದೆ" ಎಂದರೆ ಯಾವುದೋ ಒಂದು ಪುಸ್ತಕ. "ಪುಸ್ತಕವನ್ನು ಓದಿದೆ" ಎಂದರೆ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ ಎಂಬ ಕಡೆಗೆ ಮನಸ್ಸು ವಾಲುತ್ತದೆ. 'ಒಂದು' ಎಂದು ಸೇರಿಸಿ ನೋಡು, 'ಆ' ಎಂದು ಸೇರಿಸಿ ನೋಡು, ಯಾವುದು ಕಿವಿಗೆ ಒಗ್ಗುತ್ತದೋ ಅದರಂತೆ ನಡೆ ಎಂದೆ. ಎಲ್ಲ ಕಡೆ ನಡೆಯುವುದಿಲ್ಲ. ಸೂರ್ಯ, ನದಿ, ಪರ್ವತಶ್ರೇಣಿಗಳಿಗೆ ನಿಯಮವನ್ನು ನೆನಪಿಡಲೇಬೇಕು. ಆದರೂ ಹತ್ತರಲ್ಲಿ ಏಳು ಸಲ ದಾರಿ ಸಿಗುತ್ತದೆ.

ಕರ್ಮಣಿ ಪ್ರಯೋಗದ ಪಾಠವನ್ನು ಮಾತ್ರ ನಾನು ಕಚೇರಿಯ ಬಲದಿಂದ ಮಾಡಿದೆ. ಸರಕಾರದ ಆಫೀಸ್ ಮೆಮೊರಾಂಡಮ್ ಶುರುವಾಗುವುದೇ 'ದಿ ಅಂಡರ್‌ಸೈನ್ಡ್ ಈಸ್ ಡೈರೆಕ್ಟೆಡ್ ಟು ಸೇ' ಎಂದು. ಕೆಳಗೆ ಸಹಿ ಮಾಡಿದವನಿಗೆ ಹೀಗೆ ಹೇಳಲು ನಿರ್ದೇಶಿಸಲಾಗಿದೆ. ನಿರ್ದೇಶಿಸಿದವರು ಯಾರು? ಆ ಮಾತೇ ಇಲ್ಲ. ಇಷ್ಟು ವರ್ಷ ಕರ್ತೃವಿಲ್ಲದ ವಾಕ್ಯಗಳ ನಡುವೆ ಬದುಕಿದವನಿಗೆ ಈ ಅಧ್ಯಾಯದಲ್ಲಿ ಸೋಲಿಲ್ಲ. ಮಗಳು ಕೂಡಲೇ, "ಅಪ್ಪಾ, ಕಪ್ಪು ಕೈಜಾರಿ ಬಿದ್ದಾಗ ನಾನು 'ಕಪ್ಪು ಒಡದೈತಿ' ಅಂತೀನಲ್ಲಾ, ಹಂಗ?" ಎಂದಳು. ವ್ಯಾಕರಣದ ಪ್ರಕಾರ ಅದು ಕರ್ಮಣಿ ಅಲ್ಲ, ಆದರೆ ಸರಕಾರಿ ಮನೋಧರ್ಮ ಸರಿಯಾಗಿ ಹಿಡಿದಿದ್ದಳು.

ಶಬ್ದಸಂಪತ್ತಿನ ವಿಷಯಕ್ಕೆ ಬಂದರೆ ನಮಗೆ ಸೋಜಿಗವೇ ಕಾದಿತ್ತು. ಒಂದು ವಾಕ್ಯದ ಅರ್ಥಕ್ಕೆ ಒಂದೇ ಪದ ಬರೆಯಿರಿ ಎಂಬ ಪ್ರಶ್ನೆಗಳಿರುತ್ತವಲ್ಲ, ಅವಕ್ಕೆ ಮಕ್ಕಳು ನೂರಾರು ಪದಗಳ ಪಟ್ಟಿಯನ್ನು ಉರು ಹೊಡೆಯುತ್ತಾರೆ. ಎಲ್ಲವನ್ನೂ ಬಲ್ಲವನು ಆಮ್ನಿಶಿಯೆಂಟ್, ಎಲ್ಲ ಶಕ್ತಿ ಉಳ್ಳವನು ಆಮ್ನಿಪೊಟೆಂಟ್, ಎಲ್ಲೆಡೆ ಇರುವವನು ಆಮ್ನಿಪ್ರೆಸೆಂಟ್. ಕನ್ನಡದ ಮಗುವಿಗೆ ಇವು ಸರ್ವಜ್ಞ, ಸರ್ವಶಕ್ತ, ಸರ್ವವ್ಯಾಪಿ. 'ಆಮ್ನಿ' ಎಂದರೆ 'ಸರ್ವ' ಎಂದು ತಿಳಿದರೆ ಮುಗಿಯಿತು. (ಹಿಂದೆ ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡುತ್ತಿದ್ದ ವ್ಯಾನಿಗೂ ಅದೇ ಹೆಸರಿತ್ತು, ಅದರಲ್ಲೂ ಸರ್ವರಿಗೂ ಜಾಗವಿತ್ತು.) ಪ್ಯಾಟ್ರಿಸೈಡ್ ಪಿತೃಹತ್ಯೆ, ಮ್ಯಾಟ್ರಿಸೈಡ್ ಮಾತೃಹತ್ಯೆ, ಪದಗಳ ಮುಖಚಹರೆ ಕೂಡ ಒಂದೇ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕುಗಳಿಗೂ ಇರುವ ಈ ನಂಟನ್ನು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲಕತ್ತೆಯಲ್ಲಿ ಎತ್ತಿ ಹೇಳಿದ್ದ. ನಮ್ಮ ಕನ್ನಡ ಬೇರೆ ಕುಲದ ಭಾಷೆಯಾದರೂ ಸಂಸ್ಕೃತದಿಂದ ಧಾರಾಳವಾಗಿ ಸಾಲ ಪಡೆದಿದೆ; ಆ ಸಾಲ ಇಲ್ಲಿ ಉಪಯೋಗಕ್ಕೆ ಬಂತು. ಕಾಲೇಜಿನಲ್ಲಿ ನಾನು ಕಲಿತ ಹೈಡ್ರೊ, ಥರ್ಮೊ, ಫೋಟೊಗಳನ್ನೂ ಜಲ, ಉಷ್ಣ, ಬೆಳಕು ಎಂದು ಜೋಡಿಸಿಕೊಟ್ಟೆ.

ಒಂದು ದಿನ ಎನ್ವಿ, ಜೆಲಸಿ ಎರಡಕ್ಕೂ ನಿಘಂಟಿನಲ್ಲಿ ಅಸೂಯೆ, ಮತ್ಸರ ಎಂದೇ ಇದೆ, ವ್ಯತ್ಯಾಸ ಏನು ಎಂದು ಮಗಳು ಕೇಳಿದಳು. ನಾನು ತಡವರಿಸುತ್ತಿದ್ದಾಗ ಪ್ರಸಂಗವನ್ನು ಕೇಳಿಸಿಕೊಂಡ ಅವ್ವ ಹೇಳಿದಳು: "ಮಂದಿ ಕೈಯಾಗಿಂದು ನನಗಿಲ್ಲಲ್ಲಾ ಅನ್ನೂದು ಹೊಟ್ಟಿಕಿಚ್ಚು. ನನ್ನ ಕೈಯಾಗಿಂದು ಮಂದಿ ಕಸಗೊಂಡಾರು ಅನ್ನೂ ಸಂಕಟ ಬ್ಯಾರೆ." ಮೊದಲನೆಯದು ಎನ್ವಿ, ಎರಡನೆಯದು ಜೆಲಸಿ. ದೊಡ್ಡ ನಿಘಂಟುಗಳೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರವು. ಅಂದಿನಿಂದ ನುಡಿಗಟ್ಟುಗಳ ಪಾಠಕ್ಕೂ ಅಜ್ಜಿಯ ಪಕ್ಕದಲ್ಲೇ ಚಾಪೆ. ಮೊಸಳೆ ಕಣ್ಣೀರು, ಗಾಳಿಗೋಪುರ, ಬಿಳಿ ಆನೆ ಇವು ಎರಡೂ ಭಾಷೆಗಳಲ್ಲಿ ಉಂಟು. ರೆಡ್ ಹೆರಿಂಗ್ ಎಂಬ ಕೆಂಪು ಮೀನಿಗೆ ಮಾತ್ರ ನಮ್ಮಲ್ಲಿ ಜೋಡಿ ಸಿಗಲಿಲ್ಲ; ದಾರಿ ತಪ್ಪಿಸುವ ಸುಳಿವು ಎಂದು ಬಾಯಿಪಾಠ ಮಾಡಬೇಕಾಯಿತು.

ಉಳಿದದ್ದು ಓದಿ ಅರ್ಥ ಮಾಡಿಕೊಳ್ಳುವ ಗದ್ಯಭಾಗ. ಇದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಇದಕ್ಕೆ ಪಟ್ಟಿಯಿಲ್ಲ, ಸೂತ್ರವಿಲ್ಲ. ಇಂಗ್ಲಿಷಿನ 45 ಪ್ರಶ್ನೆಗಳನ್ನೂ ಸಾಮಾನ್ಯ ಜ್ಞಾನದ 25 ಪ್ರಶ್ನೆಗಳನ್ನೂ ಸೇರಿಸಿ ಒಂದೇ ತಾಸಿನಲ್ಲಿ ಮುಗಿಸಬೇಕು. ಗದ್ಯವನ್ನು ಎರಡು ಸಲ ಓದುವ ಪುರುಸೊತ್ತು ಇರುವುದಿಲ್ಲ. ನಾನು ಮಾಡಿದ ಏರ್ಪಾಟು ಇಷ್ಟು. ಥಾಣೆಗೆ ಹೋಗುವ ಲೋಕಲಿನಲ್ಲಿ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಒಂದೇ ಸಲ ಓದಬೇಕು. ಡೊಂಬಿವಲಿಯಿಂದ ಹೊರಟ ಗಾಡಿ ಮುಂಬ್ರಾ ದಾಟುವುದರೊಳಗೆ ಮುಗಿಯಬೇಕು. ನಿಂತುಕೊಂಡು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲು. ಸಂಜೆ ಮನೆಗೆ ಬಂದ ಮೇಲೆ, ನೋಡದೆ, ಅದರ ಸಾರವನ್ನು ಕನ್ನಡದಲ್ಲಿ ಅಜ್ಜಿಗೆ ನಾಲ್ಕು ಮಾತಿನಲ್ಲಿ ಹೇಳಬೇಕು.

ನಾಲ್ಕು ಆಯ್ಕೆ ಕೊಟ್ಟು ಕೇಳುವ ಯಂತ್ರವನ್ನು ಅಂದಾಜಿನಿಂದ ಏಮಾರಿಸಬಹುದು, ಅವ್ವನನ್ನು ಸಾಧ್ಯವಿಲ್ಲ. ರಿಸರ್ವ್ ಬ್ಯಾಂಕು ರೆಪೋ ದರ ಇಳಿಸಿದ ಸಂಪಾದಕೀಯವನ್ನು ಮಗಳು ದೊಡ್ಡ ದೊಡ್ಡ ಪದಗಳಲ್ಲಿ ವರ್ಣಿಸಿದಾಗ ಅವ್ವ ಕೇಳಿದ್ದು ಒಂದೇ: "ಅದರಿಂದ ಸಾಲಾ ಮಾಡಿದವರಿಗಿ ಚಲೋ ಆತೋ, ಇಟ್ಟವರಿಗಿ ಚಲೋ ಆತೋ?" ಮಗಳು ಮತ್ತೆ ಮೊಬೈಲು ತೆರೆದು ಓದಬೇಕಾಯಿತು. ಲೇಖಕನ ನಿಲುವೇನು, ಯಾವ ಮಾತನ್ನು ಅವನು ಹೇಳದೆ ಸೂಚಿಸಿದ್ದಾನೆ ಎಂದು ಪರೀಕ್ಷೆಯಲ್ಲಿ ಕೇಳುವುದೂ ಇಂಥದ್ದನ್ನೇ.

ಮೊದಲು 45ರಲ್ಲಿ 24, 25 ಸರಿಯಾಗುತ್ತಿದ್ದುವು. ಈಗಿನ ಅಭ್ಯಾಸ ಪತ್ರಿಕೆಗಳಲ್ಲಿ 36ರ ಆಸುಪಾಸಿಗೆ ಬಂದಿದೆ. ಸಾಕೇ? ಸಾಲದು, ದೇಶಕ್ಕೆಲ್ಲ ಒಂದೇ ಪಟ್ಟಿ, ಪಟ್ನಾ, ಜಯಪುರದ ಹುಡುಗರು ಹಗಲಿರುಳು ಓದುತ್ತಿದ್ದಾರೆ. ಕೆಲಸ ಸಿಕ್ಕೀತೆಂದು ಬರೆದುಕೊಡುವ ಧೈರ್ಯ ನನಗಿಲ್ಲ. ಕಲ್ಯಾಣದಲ್ಲಿರುವ, ನವಿಮುಂಬಯಿಯಲ್ಲಿರುವ ಸ್ನೇಹಿತರು ಫೋನು ಮಾಡಿ, ನಮ್ಮ ಮಕ್ಕಳ ಜೊತೆ ಮನೆಯಲ್ಲಿ ಕನ್ನಡ ನಿಲ್ಲಿಸಬೇಕೇ ಎಂದು ಕೇಳುತ್ತಾರೆ. ನಿಲ್ಲಿಸುವ ಮೊದಲು ಮಕ್ಕಳ ತಪ್ಪುಗಳ ಪಟ್ಟಿಯನ್ನೊಮ್ಮೆ ಮಾಡಿ ನೋಡಿ ಎನ್ನುತ್ತೇನೆ.

ಮಗಳು ಆ ಕ್ಲಾಸಿಗೆ ಈಗಲೂ ಹೋಗುತ್ತಾಳೆ. ಲೆಕ್ಕವನ್ನು ಅಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ. ಕಳೆದ ವಾರ ಜ್ವರ ಬಂದು ಎರಡು ದಿನ ಮನೆಯಲ್ಲೇ ಮಲಗಿದ್ದಳು. ಎರಡನೆಯ ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಅವ್ವ ಕೇಳಿದಳು: "ಆಕಿ ಮಲಗ್ಯಾಳ. ಇವತ್ತಿನ ಪೇಪರಿನ್ಯಾಗ ಏನ್ ಬರದಾರ, ನೀನರ ಹೇಳು."